ಶಂಖಪುಷ್ಪಿ ಸಿರಪ್ಪು, ಫಿಟ್ಸ್ ಮಾತ್ರೆ ಮತ್ತು ಪ್ರಯೋಗಾಲಯದ ಇಲಿ

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ, ಈ ಸಲ ಎಸ್ಸೆಸ್ಸೆಲ್ಸಿ. ಮೂರು ವರ್ಷದ ಹಿಂದೆ ಫಿಟ್ಸ್ ಶುರುವಾಯಿತು. ಅಂದಿನಿಂದ ಫಿನಿಟೋಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಒಂದೂವರೆ ವರ್ಷದಿಂದ ಫಿಟ್ಸ್ ಬಂದಿಲ್ಲ. ಆದರೆ ವಸಡು ಊದಿಕೊಂಡು ಹಲ್ಲಿನ ಮೇಲೆ ಬೆಳೆಯುತ್ತಿದೆ, ಬೆಳಿಗ್ಗೆ ಮಂಪರು ಬಿಡುವುದಿಲ್ಲ. ಒಂದೆಲಗದ ರಸ ಮತ್ತು ತೇಯ್ದ ಬಜೆ ಕೊಟ್ಟರೆ ಮಾತ್ರೆಯೇ ಬೇಡ ಎಂದು ಅತ್ತೆಯವರು ಹೇಳುತ್ತಾರೆ. ಗಿಡಮೂಲಿಕೆಯ ಸಾರ ಇಲಿಗಳಲ್ಲಿ ಫಿಟ್ಸ್ ತಡೆಯಿತು ಎಂದು ನಾನೂ ಓದಿದ್ದೇನೆ. ನೆನಪಿನ ಶಕ್ತಿಗೆಂದು ಎರಡು ವಾರದಿಂದ ಶಂಖಪುಷ್ಪಿ ಸಿರಪ್ ಕೂಡ ಕೊಡುತ್ತಿದ್ದೇನೆ. ಮಾತ್ರೆ ನಿಲ್ಲಿಸಿ ಪೂರ್ತಿ ಗಿಡಮೂಲಿಕೆಗೆ ಬದಲಾಯಿಸಬಹುದೇ?
(ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ)

ಉತ್ತರ: ನೀವು ಕೇಳಿರುವುದು ಒಂದೆಲಗ, ಬಜೆಗಳ ಬಗ್ಗೆ. ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಮಾತ್ರ ನೀವು ಹಾಗೆಯೇ ಸೇರಿಸಿದ ಸಿರಪ್ಪಿನ ಮೇಲೆ. ಮೊದಲು ಆ ಸಿರಪ್ ನಿಲ್ಲಿಸಿ, ಕೊಟ್ಟ ಸಂಗತಿಯನ್ನು ಮಗಳನ್ನು ನೋಡುತ್ತಿರುವ ವೈದ್ಯರಿಗೆ ಫೋನಿನಲ್ಲಾದರೂ ತಿಳಿಸಿ. ಫಿನಿಟೋಯಿನ್ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತನಾಡೋಣ.

ಇಷ್ಟು ಗಾಬರಿ ಏಕೆ ಎಂದರೆ, 1992ರಲ್ಲಿ ಮುಂಬಯಿಯ ವೈದ್ಯರು ಪ್ರಕಟಿಸಿದ ಒಂದು ವರದಿ ಔಷಧಶಾಸ್ತ್ರ ಕಲಿಸುವ ನಮ್ಮಂಥವರಿಗೆ ಬಾಯಿಪಾಠವಾಗಿದೆ. ಫಿನಿಟೋಯಿನ್‌ನಿಂದ ಹತೋಟಿಯಲ್ಲಿದ್ದ ಇಬ್ಬರು ರೋಗಿಗಳಿಗೆ ಫಿಟ್ಸ್ ಮರುಕಳಿಸಿತು. ವಿಚಾರಿಸಿದಾಗ ಇಬ್ಬರೂ ಶಂಖಪುಷ್ಪಿ ಸಿರಪ್ ಕುಡಿಯುತ್ತಿದ್ದರೆಂದು ತಿಳಿಯಿತು. ವೈದ್ಯರು ಅಲ್ಲಿಗೇ ಬಿಡದೆ ಇಲಿಗಳಲ್ಲಿ ಪರೀಕ್ಷಿಸಿದರು. ಒಂದೇ ಒಂದು ಸಲ ಸಿರಪ್ ಕೊಟ್ಟಾಗ ರಕ್ತದಲ್ಲಿನ ಫಿನಿಟೋಯಿನ್ ಮಟ್ಟ ಬದಲಾಗಲಿಲ್ಲ, ಆದರೂ ಅದರ ಫಿಟ್ಸ್ ತಡೆಯುವ ಶಕ್ತಿ ಕುಗ್ಗಿತು. ದಿನವೂ ಕೊಡುತ್ತ ಹೋದಾಗ ರಕ್ತದಲ್ಲಿನ ಫಿನಿಟೋಯಿನ್ ಸುಮಾರು ಅರ್ಧಕ್ಕೆ ಇಳಿಯಿತು, ಅದರ ಜೊತೆಗೆ ಫಿಟ್ಸ್ ತಡೆಯುವ ಶಕ್ತಿಯೂ ಕುಗ್ಗಿತು. ವಿಚಿತ್ರವೆಂದರೆ, ಮಾತ್ರೆಯಿಲ್ಲದೆ ಬರಿಯ ಸಿರಪ್ ಕೊಟ್ಟ ಇಲಿಗಳಲ್ಲಿ ಅದೂ ಸ್ವಲ್ಪಮಟ್ಟಿಗೆ ಫಿಟ್ಸ್ ತಡೆದಿತ್ತು! ಅಂದರೆ ಎರಡೂ ಒಳ್ಳೆಯವೇ. ಎರಡೂ ಸೇರಿದಾಗ ಕೆಟ್ಟವು. ಆ ಸಿರಪ್ಪಿನಲ್ಲಿ ಶಂಖಪುಷ್ಪಿ ಒಂದೇ ಇರಲಿಲ್ಲ, ಜಟಾಮಾಂಸಿಯಿತ್ತು, ನಿಮ್ಮ ಅತ್ತೆಯವರು ಹೇಳುವ ಒಂದೆಲಗವೂ ಇತ್ತು ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಿ.

ಫಿನಿಟೋಯಿನ್ ಸ್ವಭಾವದಲ್ಲೇ ಮುಂಗೋಪಿ. ರಕ್ತದ ಪ್ರತಿ ಮಿಲಿಲೀಟರಿನಲ್ಲಿ ಅದು 10ರಿಂದ 20 ಮೈಕ್ರೋಗ್ರಾಂ ಇದ್ದರೆ ಸಾಮಾನ್ಯವಾಗಿ ಕೆಲಸ ಸರಿಯಾಗಿ ನಡೆಯುತ್ತದೆ. ಕೆಳಗಿಳಿದರೆ ಫಿಟ್ಸ್, ಮೇಲೇರಿದರೆ ತಲೆಸುತ್ತು, ತೂರಾಡುವ ನಡಿಗೆ. ಈ ಔಷಧವನ್ನು ಕರಗಿಸುವ ಯಕೃತ್ತಿನ ಸಾಮರ್ಥ್ಯ ಬೇಗ ಭರ್ತಿಯಾಗಿಬಿಡುತ್ತದೆ. ಹಾಗಾಗಿ ದಿನಕ್ಕೆ 300 ಮಿಲಿಗ್ರಾಂ ಇದ್ದದ್ದನ್ನು 400 ಮಾಡಿದರೆ ರಕ್ತದ ಮಟ್ಟ ಮೂರನೆಯ ಒಂದು ಭಾಗ ಏರುವ ಬದಲು ಇಮ್ಮಡಿಯೇ ಆಗಬಹುದು. ಇಷ್ಟು ಇಕ್ಕಟ್ಟಿನ ಹಾದಿಯಲ್ಲಿ ನಡೆಯುವ ಮಾತ್ರೆಯ ಪಕ್ಕದಲ್ಲಿ ಯಾವ ಮೂಲಿಕೆ ನಿಂತರೂ ತಳ್ಳಾಟವಾಗಬಹುದು. ಕಾಳುಮೆಣಸಿನ ಪೈಪರಿನ್ ಎಂಬ ಅಂಶ ಶಂಖಪುಷ್ಪಿಗೆ ತದ್ವಿರುದ್ಧವಾಗಿ ಫಿನಿಟೋಯಿನ್ ಮಟ್ಟವನ್ನು ಏರಿಸುತ್ತದೆ ಎಂಬುದನ್ನು ಮನುಷ್ಯರಲ್ಲೇ ತೋರಿಸಿದ್ದಾರೆ. ಸಾರಿಗೆ ಹಾಕುವ ನಾಲ್ಕು ಮೆಣಸಿಗೆ ಹೆದರಬೇಕಾಗಿಲ್ಲ. ದಿನವೂ ಚಮಚಗಟ್ಟಲೆ ತ್ರಿಕಟು ಚೂರ್ಣ (ಶುಂಠಿ, ಮೆಣಸು, ಹಿಪ್ಪಲಿಯ ಪುಡಿ) ತಿನ್ನುವ ಮಾತು ಬೇರೆ.

ಇನ್ನು ನೀವು ಓದಿದ ಇಲಿಯ ಕಥೆ. ಇಂಥ ಪ್ರಯೋಗಗಳನ್ನು ನಾನು ವರ್ಷಗಟ್ಟಲೆ ಮಾಡಿಸಿದ್ದೇನೆ, ಆದ್ದರಿಂದ ಒಳಗಿನ ನೋಟವನ್ನೇ ಹೇಳುತ್ತೇನೆ. ಬಿಳಿಯ ಪುಟ್ಟ ಇಲಿಯ ಎರಡು ಕಿವಿಗಳಿಗೆ ಉಪ್ಪುನೀರಿನಲ್ಲಿ ಒದ್ದೆ ಮಾಡಿದ ಕ್ಲಿಪ್ ಸಿಕ್ಕಿಸಿ, ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು 50 ಮಿಲಿಆಂಪಿಯರ್ ಕರೆಂಟು ಹಾಯಿಸುತ್ತಾರೆ. ಇಲಿ ಸೆಟೆದುಕೊಳ್ಳುತ್ತದೆ, ಹಿಂಗಾಲೆರಡೂ ಬಾಲದ ಕಡೆಗೆ ಕಡ್ಡಿಯಂತೆ ಚಾಚಿಕೊಳ್ಳುತ್ತವೆ. ಸ್ಟಾಪ್‌ವಾಚ್ ಹಿಡಿದವರು ಅದನ್ನು ಬರೆದುಕೊಳ್ಳುತ್ತಾರೆ. ಮೊದಲೇ ಸೊಪ್ಪಿನ ಸಾರ ಕುಡಿಸಿದ್ದ ಇಲಿಯ ಹಿಂಗಾಲು ಚಾಚದಿದ್ದರೆ ‘ರಕ್ಷಣೆ ಸಿಕ್ಕಿತು’ ಎಂದು ದಾಖಲೆ. ಇನ್ನೊಂದು ವಿಧಾನದಲ್ಲಿ ಕರೆಂಟಿನ ಬದಲು ಪೆಂಟಿಲಿನ್‌ಟೆಟ್ರಜೋಲ್ ಎಂಬ ರಾಸಾಯನಿಕ ಚುಚ್ಚಿ, ಮೊದಲ ನಡುಕ ಬರಲು ಎಷ್ಟು ಹೊತ್ತಾಯಿತೆಂದು ನೋಡುತ್ತಾರೆ.

ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬ ತಾನು ತಂದ ಎಲೆಯ ಸಾರ ಭರ್ಜರಿಯಾಗಿ ಕೆಲಸ ಮಾಡಿತೆಂದು ಸಂಭ್ರಮದಿಂದ ಓಡಿಬಂದ. ಅದೇ ಇಲಿಗಳನ್ನು ತಿರುಗುವ ದಂಡದ ಮೇಲೆ ಬಿಟ್ಟು ನೋಡು ಎಂದೆ. ನಿಧಾನವಾಗಿ ಉರುಳುವ ಆ ದಂಡದ ಮೇಲೆ ಸ್ವಸ್ಥ ಇಲಿ ನಿಮಿಷಗಟ್ಟಲೆ ಹೆಜ್ಜೆ ಹಾಕುತ್ತದೆ. ಇವು ಒಂದೊಂದಾಗಿ ಪುಟಪುಟನೆ ಕೆಳಗೆ ಬಿದ್ದವು. ಸಾರ ಫಿಟ್ಸನ್ನು ತಡೆದಿರಲಿಲ್ಲ, ಇಲಿಗಳಿಗೆ ಅಮಲೇರಿಸಿತ್ತು. ಹುಡುಗನ ಮುಖ ನೋಡಲಾಗಲಿಲ್ಲ. ಪತ್ರಿಕೆಗಳ ಮೂರು ಸಾಲಿನ ಸುದ್ದಿಯಲ್ಲಿ ಈ ದಂಡದ ಮಾತು ಬರುವುದೇ ಇಲ್ಲ.

ಇಲಿಯ ಪ್ರಯೋಗ ಸುಳ್ಳೆಂದು ನಾನು ಹೇಳುತ್ತಿಲ್ಲ. ನಿಮ್ಮ ಮಗಳು ನುಂಗುವ ಫಿನಿಟೋಯಿನ್ ಹೊರಬಂದದ್ದೂ 1930ರ ದಶಕದ ಕೊನೆಯಲ್ಲಿ ಬಾಸ್ಟನ್ನಿನ ಮೆರಿಟ್ ಮತ್ತು ಪಟ್ನಮ್ ಬೆಕ್ಕುಗಳಿಗೆ ಕರೆಂಟು ಹಾಯಿಸಿ ಮಾಡಿದ ಪರೀಕ್ಷೆಗಳಿಂದಲೇ. ಆದರೆ ಅಲ್ಲಿ ಕೊಟ್ಟದ್ದು ಒಂದೇ ಶುದ್ಧ ವಸ್ತು, ಅಳೆದ ಪ್ರಮಾಣ. ಎಲೆಯ ಸಾರದಲ್ಲಿ ನೂರಾರು ವಸ್ತುಗಳಿರುತ್ತವೆ. ಬೇಸಿಗೆಯಲ್ಲಿ ಕೊಯ್ದ ಎಲೆ, ಮಳೆಗಾಲದಲ್ಲಿ ಕೊಯ್ದ ಎಲೆ, ಗದ್ದೆಯಂಚಿನದು, ಕುಂಡದ್ದು ಎಲ್ಲವೂ ಒಂದೇ ಅಲ್ಲ.

ಸ್ವಲ್ಪ ಅಡುಗೆಮನೆಯ ಲೆಕ್ಕ ಮಾಡಿ ನೋಡೋಣ. ಇಲಿಗೆ ಪ್ರತಿ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಸಾರ ಕೊಟ್ಟರು ಎಂದಿಟ್ಟುಕೊಳ್ಳಿ. ಪುಟ್ಟ ಪ್ರಾಣಿಯ ದೇಹದಲ್ಲಿ ಔಷಧ ಬೇಗ ಖರ್ಚಾಗುತ್ತದೆ, ಆದ್ದರಿಂದ ಮನುಷ್ಯರಿಗೆ ಹೊಂದಿಸುವಾಗ ಆ ಸಂಖ್ಯೆಯನ್ನು ಸುಮಾರು 12ರಿಂದ ಭಾಗಿಸುವುದು ರೂಢಿ. ಕಿಲೋಗೆ 33 ಮಿಲಿಗ್ರಾಂ ಆಯಿತು. 45 ಕಿಲೋ ತೂಗುವವರಿಗೆ ಒಂದೂವರೆ ಗ್ರಾಂ ಸಾರ. ನೂರು ಗ್ರಾಂ ಒಣಎಲೆಯಿಂದ ಹತ್ತು ಗ್ರಾಂ ಸಾರ ಸಿಕ್ಕೀತೆಂದರೆ 15 ಗ್ರಾಂ ಒಣಎಲೆ ಬೇಕು. ಹಸಿ ಎಲೆಯಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ನೀರೇ. ಹಾಗಾದರೆ ದಿನಕ್ಕೆ 75ರಿಂದ 150 ಗ್ರಾಂ ಹಸಿ ಸೊಪ್ಪು. ಮನೆಮಂದಿಗೆಲ್ಲ ತಂಬುಳಿ ಮಾಡಲು ನೀವು ಕೀಳುವುದು ಒಂದು ಹಿಡಿ. ಇನ್ನೊಂದು ತೊಡಕು, ಪ್ರಯೋಗಾಲಯದ ಸಾರವನ್ನು ಹೆಚ್ಚಾಗಿ ಮೆಥನಾಲ್ ಅಥವಾ ಎಥನಾಲ್‌ನಲ್ಲಿ ತೆಗೆದಿರುತ್ತಾರೆ. ಮಜ್ಜಿಗೆಯಲ್ಲಿ ಅರೆದಾಗ ಇಳಿಯುವುದು ಬೇರೆಯದೇ ಅಂಶ. ತಂಬುಳಿ ಊಟವಾಗಿ ಬಹಳ ಒಳ್ಳೆಯದು. ಅದನ್ನು ಔಷಧದ ಪ್ರಮಾಣಕ್ಕೆ ಏರಿಸಲು ಹೊರಟರೆ ಅದು ಊಟವಾಗಿ ಉಳಿಯುವುದಿಲ್ಲ. ಒಂದೆಲಗದ ಗುಳಿಗೆಗಳನ್ನು ವಾರಗಟ್ಟಲೆ ನುಂಗಿದ ಮೂವರು ಮಹಿಳೆಯರಿಗೆ ಯಕೃತ್ತಿನ ಉರಿಯೂತವಾದ ವರದಿ 2005ರಲ್ಲಿ ಬಂದಿದೆ.

ಹೆಸರಿನ ಗೊಂದಲವನ್ನೂ ಹೇಳಲೇಬೇಕು. ನಮ್ಮ ಕಡೆ ‘ಬ್ರಾಹ್ಮಿ’ ಎಂದರೆ ಬಹಳ ಜನ ಒಂದೆಲಗವನ್ನೇ ತೋರಿಸುತ್ತಾರೆ, ಕರಾವಳಿಯವರು ತಿಮರೆ ಎನ್ನುವ, ಕಿವಿಯಾಕಾರದ ಎಲೆಯ ಬಳ್ಳಿ. ಶಾಸ್ತ್ರದಲ್ಲಿ ಅದರ ಹೆಸರು ಮಂಡೂಕಪರ್ಣಿ. ಸಂಶೋಧನೆಯ ಬರಹಗಳಲ್ಲಿ ಬ್ರಾಹ್ಮಿ ಎಂದರೆ ಸಾಮಾನ್ಯವಾಗಿ ನೀರುಬ್ರಾಹ್ಮಿ, ಕೆಸರಿನಲ್ಲಿ ಹರಡುವ, ದಪ್ಪನೆಯ ಚಿಕ್ಕ ಎಲೆಯ, ನಸುಬಿಳಿ ಹೂವಿನ ಬೇರೆಯೇ ಗಿಡ. ಎರಡಕ್ಕೂ ಸಸ್ಯಶಾಸ್ತ್ರದಲ್ಲಿ ನಂಟೇ ಇಲ್ಲ. ಕೊಚ್ಚಿಯ ವಿಶ್ವವಿದ್ಯಾಲಯದಲ್ಲಿ ಅಪಸ್ಮಾರ ಬರಿಸಿದ ಇಲಿಗಳ ಮಿದುಳಿನ ಮೇಲೆ ಒಳ್ಳೆಯ ಕೆಲಸ ನಡೆದದ್ದು ನೀರುಬ್ರಾಹ್ಮಿಯ ಮೇಲೆ. ಅದನ್ನು ಓದಿ ಹಿತ್ತಿಲ ಒಂದೆಲಗ ಅರೆದರೆ ಯಾರದೋ ವಿಳಾಸಕ್ಕೆ ಇನ್ಯಾರಿಗೋ ಬರೆದ ಕಾಗದ ಹಾಕಿದಂತೆ. ಶಂಖಪುಷ್ಪಿಯ ಕಥೆ ಇನ್ನೂ ಕಲಸುಮೇಲೋಗರ. ಆ ಹೆಸರಿನಲ್ಲಿ ಒಂದು ಕಡೆ ವಿಷ್ಣುಕ್ರಾಂತಿ, ಇನ್ನೊಂದು ಕಡೆ ನೀಲಿ ಶಂಖಪುಷ್ಪದ ಬಳ್ಳಿ, ಮತ್ತೊಂದು ಕಡೆ ಉತ್ತರ ಭಾರತದ ಮೂರನೆಯ ಗಿಡ ಮಾರಾಟವಾಗುತ್ತವೆ.

ಹಾಗೆಂದು ಆಯುರ್ವೇದವನ್ನು ಈ ಗೊಂದಲಕ್ಕೆ ಹೊಣೆ ಮಾಡುವುದು ಸರಿಯಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅಪಸ್ಮಾರಕ್ಕೆ ಒಂದು ಅಧ್ಯಾಯವೇ ಇದೆ. ಬ್ರಾಹ್ಮಿಯ ರಸ, ಬಜೆ, ಕೋಷ್ಠ, ಶಂಖಪುಷ್ಪಿಗಳನ್ನು ಹಳೆಯ ತುಪ್ಪದಲ್ಲಿ ಪಾಕ ಮಾಡುವ ಘೃತವನ್ನು ಅಲ್ಲಿ ಹೇಳಿದೆ. ರೋಗಿಯನ್ನು ನೋಡಿ, ಶೋಧನೆ (ದೇಹಶುದ್ಧಿ) ಮಾಡಿಸಿ, ಆಮೇಲೆ ಘೃತ. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ‘ಪರೀಕ್ಷೆ ಹತ್ತಿರ ಬಂತಲ್ಲ, ಇದನ್ನೂ ಹಾಕಲೇ?’ ಎಂದು ಕೊಡುವ ಸಿರಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಯುರ್ವೇದ, ಯೋಗಗಳನ್ನು ಆಧುನಿಕ ಚಿಕಿತ್ಸೆಯ ಜೊತೆ ನೋಡುವ ವಿಭಾಗವಿದೆ. ಎರಡೂ ಬೇಕೆನ್ನುವವರು ಇಬ್ಬರು ವೈದ್ಯರಿಗೂ ತಿಳಿದಿರುವ ಅಂಥ ಜಾಗಕ್ಕೆ ಹೋಗಲಿ ಎನ್ನುತ್ತೇನೆ. ‘ಪಕ್ಕಾ ಗಿಡಮೂಲಿಕೆ, ಮೂರೇ ತಿಂಗಳಲ್ಲಿ ಗುಣ’ ಎಂದು ಅಂಚೆಯಲ್ಲಿ ಪುಡಿ ಕಳುಹಿಸುವವರ ಸಹವಾಸ ಮಾತ್ರ ಬೇಡ. ಅಂಥ ಪುಡಿಗಳಲ್ಲಿ ಫಿನೋಬಾರ್ಬಿಟೋನ್ ಎಂಬ ಹಳೆಯ ಇಂಗ್ಲಿಷ್ ಔಷಧವನ್ನೇ ಬೆರೆಸಿದ್ದು ನಮ್ಮ ದೇಶದಲ್ಲಿ ಪತ್ತೆಯಾಗಿದೆ. ಪುಡಿ ಕೆಲಸ ಮಾಡುತ್ತದೆ, ನಿಜ. ಯಾವುದರಿಂದ ಎಂಬುದು ನಿಮಗೆ ಗೊತ್ತಿರುವುದಿಲ್ಲ, ನಿಲ್ಲಿಸಿದ ದಿನ ಗೊತ್ತಾಗುತ್ತದೆ.

ಗಿಡದಿಂದ ಫಿಟ್ಸಿನ ಔಷಧ ಆಗಿಯೇ ಇಲ್ಲವೇ ಎಂದರೆ, ಆಗಿದೆ. ಗಾಂಜಾ ಗಿಡದ ಕ್ಯಾನಬಿಡಿಯಾಲ್ ಅದಕ್ಕೆ ಒಳ್ಳೆಯ ಉದಾಹರಣೆ, ಅಮಲೇರಿಸದ ಅಂಶ ಅದು. ಡ್ರಾವೆಟ್ ಎಂಬ ಕಠಿಣ ಅಪಸ್ಮಾರವಿದ್ದ 120 ಮಕ್ಕಳು ಮತ್ತು ಯುವಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ದಿನಕ್ಕೆ ಕಿಲೋ ತೂಕಕ್ಕೆ 20 ಮಿಲಿಗ್ರಾಂನಂತೆ ಕೊಟ್ಟಾಗ ತಿಂಗಳಿಗೆ ಸುಮಾರು 12 ಇದ್ದ ಸೆಳೆತಗಳು 6ರ ಹತ್ತಿರಕ್ಕೆ ಇಳಿದವು. ಹುಸಿ ಔಷಧ ಪಡೆದವರಲ್ಲಿ 15ರ ಆಸುಪಾಸಿನಿಂದ 14ಕ್ಕೆ ಇಳಿಯಿತು, ಅಷ್ಟೇ. ಮರುವರ್ಷ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಗಮನಿಸಿ: ಅದು ಶುದ್ಧೀಕರಿಸಿದ ಒಂದೇ ವಸ್ತು, ಪ್ರತಿ ಹನಿಯಲ್ಲೂ ಎಷ್ಟಿದೆಯೆಂದು ಗೊತ್ತು. ಆ ಮಕ್ಕಳು ತಮ್ಮ ಹಳೆಯ ಮಾತ್ರೆಗಳನ್ನು ಬಿಡಲಿಲ್ಲ, ಜೊತೆಗೆ ಇದನ್ನು ಸೇರಿಸಿಕೊಂಡರು. ಬೇಧಿ, ಮಂಪರು ಬಂದವು. ವಾಲ್ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಔಷಧದ ಜೊತೆ ತೆಗೆದುಕೊಂಡವರಲ್ಲಿ ಯಕೃತ್ತಿನ ಕಿಣ್ವಗಳು ಏರಿದವು. ಕ್ಲೋಬಜಾಮ್ ಎಂಬ ಫಿಟ್ಸ್ ಮಾತ್ರೆಯ ಜೊತೆ ಕೂಡಿದಾಗ, ಆ ಮಾತ್ರೆಯಿಂದ ದೇಹದಲ್ಲಿ ಹುಟ್ಟುವ ಸಕ್ರಿಯ ಅಂಶದ ಮಟ್ಟವನ್ನು ಏರಿಸುತ್ತದೆ ಎಂದೂ ತಿಳಿಯಿತು. ನಿಮ್ಮ ಮಗಳಿಗಿರುವುದು ಆ ರೋಗವಲ್ಲ, ಆಕೆಯ ಫಿಟ್ಸ್ ಒಂದೇ ಮಾತ್ರೆಗೆ ಬಗ್ಗಿದೆ. ಆದ್ದರಿಂದ ಕ್ಯಾನಬಿಡಿಯಾಲ್ ಎಣ್ಣೆಯ ಜಾಹೀರಾತು ಕಂಡರೆ ಮುಂದೆ ಸಾಗಿ.

ವಾಲ್ಪ್ರೊಯೇಟ್ ಎಂದೆನಲ್ಲ, ಅದರ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1882ರಲ್ಲೇ ತಯಾರಾಗಿದ್ದ ವಾಲ್ಪ್ರೊಯಿಕ್ ಆಮ್ಲ ಎಂಬ ದ್ರವ ಎಂಬತ್ತು ವರ್ಷ ಬರಿಯ ದ್ರಾವಕವಾಗಿ ಬಳಕೆಯಲ್ಲಿತ್ತು. ಫ್ರಾನ್ಸ್‌ನಲ್ಲಿ 1962ರ ಸುಮಾರಿಗೆ ಪಿಯೆರ್ ಎಮಾರ್ ಎಂಬ ಯುವ ಸಂಶೋಧಕ ಖೆಲ್ಲಿನ್ ಮಾದರಿಯ ವಸ್ತುಗಳನ್ನು ತಯಾರಿಸಿದ್ದ. ಖೆಲ್ಲಿನ್ ಸಿಗುವುದು ಮೆಡಿಟರೇನಿಯನ್ ಕಡೆಯ ಒಂದು ಗಿಡದ ಬೀಜದಲ್ಲಿ. ಅವು ನೀರಿನಲ್ಲಿ ಕರಗಲಿಲ್ಲ, ಈ ದ್ರಾವಕದಲ್ಲಿ ಕರಗಿಸಿ ಪ್ರಾಣಿಗಳಿಗೆ ಕೊಟ್ಟರು. ಫಿಟ್ಸ್ ನಿಂತಿತು. ಎಲ್ಲರಿಗೂ ಖುಷಿ. ಆಮೇಲೆ ನೋಡಿದರೆ ಆ ದ್ರಾವಕದಲ್ಲಿ ಏನನ್ನು ಕರಗಿಸಿ ಕೊಟ್ಟರೂ ಫಿಟ್ಸ್ ನಿಲ್ಲುತ್ತಿತ್ತು! ಕೆಲಸ ಮಾಡಿದ್ದು ಗಿಡದ ಮಾದರಿಯ ವಸ್ತುವಲ್ಲ, ಅದನ್ನು ಹೊತ್ತು ತಂದ ದ್ರವ. 1967ರಲ್ಲಿ ಅದು ಫ್ರಾನ್ಸ್‌ನಲ್ಲಿ ಔಷಧವಾಗಿ ಮಾರುಕಟ್ಟೆಗೆ ಬಂತು. ನಮ್ಮ ಮನೆಗಳಲ್ಲೂ ಇಂಥದ್ದು ನಡೆಯುತ್ತಿರುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ಬಿಸಿನೀರಿನ ಅಪಸ್ಮಾರವನ್ನೇ ತೆಗೆದುಕೊಳ್ಳಿ. ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ಮೊಗೆಮೊಗೆದು ತಲೆಗೆ ಸುರಿದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಯಾರೋ ಮೂಲಿಕೆ ಎಣ್ಣೆ ಕೊಟ್ಟು ‘ಇದನ್ನು ಹಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ’ ಎನ್ನುತ್ತಾರೆ. ಫಿಟ್ಸ್ ನಿಲ್ಲುತ್ತದೆ. ಹೆಸರು ಎಣ್ಣೆಗೆ ಹೋಗುತ್ತದೆ. ನಿಮ್ಮ ಮಗಳಿಗೆ ಮೊದಲು ಫಿಟ್ಸ್ ಬಂದದ್ದು ತಲೆಸ್ನಾನದ ಹೊತ್ತಿನಲ್ಲೇ? ಹಾಗಿದ್ದರೆ ವೈದ್ಯರಿಗೆ ಮರೆಯದೆ ಹೇಳಿ. ಅದಕ್ಕೆ ನೀರಿನ ಬಿಸಿ ತಗ್ಗಿಸುವುದು, ಬೇಕಾದರೆ ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಮಾತ್ರ ಮಾತ್ರೆ ನುಂಗುವುದು, ಹೀಗೆ ಹಗುರವಾದ ಬೇರೆ ದಾರಿಗಳಿವೆ.

‘ಗಿಡಮೂಲಿಕೆಯಲ್ಲವೇ, ಉಪಕಾರ ಆಗದಿದ್ದರೂ ಅಪಕಾರವಂತೂ ಇಲ್ಲ’ ಎಂಬ ಮಾತನ್ನು ಫಿಟ್ಸಿನ ವಿಷಯದಲ್ಲಿ ನಾನು ಒಪ್ಪುವುದೇ ಇಲ್ಲ. ಪಶ್ಚಿಮ ಘಟ್ಟದ ಕಾಡಿನಲ್ಲಿ ಕಾಕಮಾರಿ ಎಂಬ ಬಳ್ಳಿಯಿದೆ. ಅದರ ಕಾಯಿ ಅರೆದು ಹಳ್ಳಕ್ಕೆ ಹಾಕಿದರೆ ಮೀನು ಮತ್ತೇರಿ ತೇಲುತ್ತದೆ. ಅದರೊಳಗಿನ ಪಿಕ್ರೋಟಾಕ್ಸಿನ್ ಮಿದುಳಿನ ಬ್ರೇಕನ್ನೇ ಕಿತ್ತುಹಾಕುತ್ತದೆ, ಪ್ರಯೋಗಾಲಯದಲ್ಲಿ ಇಲಿಗೆ ಫಿಟ್ಸ್ ಬರಿಸಲು ಅದನ್ನೇ ಚುಚ್ಚುತ್ತೇವೆ. ದೇವರ ಮುಂದೆ ಹಚ್ಚುವ ಕರ್ಪೂರವೂ ಅಷ್ಟೇ. 1934ರಲ್ಲಿ ಬುಡಾಪೆಸ್ಟಿನ ಮೆಡೂನಾ ಎಂಬ ಮನೋವೈದ್ಯ ರೋಗಿಗಳಿಗೆ ಬೇಕೆಂದೇ ಫಿಟ್ಸ್ ಬರಿಸಲು ಕರ್ಪೂರವನ್ನು ಚುಚ್ಚಿದ್ದ, ಅದೂ ಅಂದು ಚಿಕಿತ್ಸೆಯೆನಿಸಿತ್ತು. ಬೆಂಗಳೂರಿನ ನರರೋಗ ತಜ್ಞರ ಮುಂದಾಳುತನದಲ್ಲಿ ದಕ್ಷಿಣ ಭಾರತದ ಕೆಲವು ಆಸ್ಪತ್ರೆಗಳಲ್ಲಿ ನಾಲ್ಕು ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫಿಟ್ಸ್ ಎಂದು ಬಂದ 350 ವಯಸ್ಕರ ಪೈಕಿ 55 ಮಂದಿಯಲ್ಲಿ ನೀಲಗಿರಿ ಎಣ್ಣೆ, ಕರ್ಪೂರದಂಥ ಸುಗಂಧ ತೈಲಗಳಿಗೂ ಫಿಟ್ಸಿಗೂ ನಂಟು ಕಂಡಿತು. ನೆಗಡಿಗೆ ಹಬೆ ತೆಗೆದುಕೊಂಡವರು, ನೋವಿಗೆ ಮುಲಾಮು ಬಳಿದುಕೊಂಡವರು. ನಿಮ್ಮ ಮನೆಯಲ್ಲಿ ಮಗಳ ದಿಂಬಿನ ಬಳಿ ಕರ್ಪೂರದ ಗಂಟೋ ನೀಲಗಿರಿ ಎಣ್ಣೆಯ ಸೀಸೆಯೋ ಇದ್ದರೆ ಎತ್ತಿಟ್ಟುಬಿಡಿ.

ಬಜೆಯ ಬಗ್ಗೆ ಅತ್ತೆಯವರಿಗೆ ಬೇಸರವಾಗದಂತೆ ನೀವೇ ಹೇಳಬೇಕು. ತೊಟ್ಟಿಲ ಮಗುವಿನ ನಾಲಿಗೆಗೆ ಬಜೆ ತೇಯ್ದು ತೀಡುವುದು ನಮ್ಮಲ್ಲಿ ತಲೆತಲಾಂತರದ ಪದ್ಧತಿ, ನನಗೂ ತೀಡಿದ್ದಾರೆ. ಬಜೆಯಲ್ಲಿರುವ ಅಸರೋನ್ ಎಂಬ ವಸ್ತುವಿಗೆ ಇಲಿಗಳಲ್ಲಿ ಫಿಟ್ಸ್ ತಡೆಯುವ ಗುಣ ಕಂಡದ್ದೂ ಹೌದು. ಆದರೆ ನಮ್ಮ ದೇಶದ ಬಜೆಯ ತೈಲದಲ್ಲಿ ಬಹುಪಾಲು ಇರುವುದು ಬೀಟಾ ಅಸರೋನ್, ಅದು ಇಲಿಗಳಿಗೆ ಕ್ಯಾನ್ಸರ್ ತಂದ ಕಾರಣ ಅಮೆರಿಕವು 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ದಿನವೂ, ತಿಂಗಳುಗಟ್ಟಲೆ ಕೊಡುವ ವಸ್ತು ಅದಲ್ಲ.

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರುತ್ತೇನೆ, ಏಕೆಂದರೆ ಅದಕ್ಕೆ ಪರಿಹಾರ ಇದೆ. ವಸಡು ಬೆಳೆಯುವುದು ಫಿನಿಟೋಯಿನ್‌ನ ಪ್ರಸಿದ್ಧ ಉಪದ್ರವ. ಹಲ್ಲನ್ನು ದಿನಕ್ಕೆರಡು ಬಾರಿ ಚೆನ್ನಾಗಿ ಉಜ್ಜಿ, ದಂತವೈದ್ಯರಲ್ಲಿ ಸ್ವಚ್ಛ ಮಾಡಿಸಿದರೆ ತಗ್ಗುತ್ತದೆ. ಮಾತ್ರೆ ಬದಲಾದರೆ ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಬೆಳೆಯುವ ಹುಡುಗಿಗೆ ವಸಡಿನ ತೊಂದರೆ ಕೊಡದ ಬೇರೆ ಮಾತ್ರೆಗಳು ಇವೆ, ಲೆವೆಟಿರಾಸಿಟಮ್, ಲ್ಯಾಮೋಟ್ರಿಜಿನ್ ಮುಂತಾದವು. ಇದನ್ನು ವೈದ್ಯರಲ್ಲಿ ನೀವಾಗಿಯೇ ಕೇಳಿ, ಸಂಕೋಚ ಬೇಡ. ಬದಲಿಗೆ ವಾಲ್ಪ್ರೊಯೇಟ್ ಬರೆದರೆ ಮಾತ್ರ ‘ಇವಳು ಹೆಣ್ಣುಮಗಳು, ಬೇರೆ ಇಲ್ಲವೇ?’ ಎಂದು ಒಂದು ಮಾತು ಕೇಳಿ. ಮುಂದೆ ಬಸಿರಾದಾಗ ಹುಟ್ಟುವ ಮಗುವಿಗೆ ಅದು ಕೇಡು ಮಾಡಬಲ್ಲದು, ಹೆಣ್ಣುಮಕ್ಕಳಿಗೆ ಅದನ್ನು ಆದಷ್ಟು ತಪ್ಪಿಸಬೇಕೆಂಬುದು ಈಗ ಎಲ್ಲೆಡೆಯ ಸಲಹೆ. ಬೆಳಗಿನ ಮಂಪರಿಗೆ ರಕ್ತದ ಮಟ್ಟ ಹೆಚ್ಚಾಗಿರುವುದೂ ಕಾರಣವಿರಬಹುದು, ರಾತ್ರಿ ಎರಡು ಗಂಟೆಯವರೆಗಿನ ಓದೂ ಇರಬಹುದು. ನಿದ್ದೆಗೆಡುವುದು ಫಿಟ್ಸನ್ನು ಕೈಹಿಡಿದು ಕರೆದಂತೆ.

ಮಾತ್ರೆಯನ್ನು ಪೂರ್ತಿ ಬಿಡುವ ದಿನವೂ ಬರಬಹುದು. ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದರೆ ಹಲವರಲ್ಲಿ ವೈದ್ಯರು ಅದನ್ನು ಯೋಚಿಸುತ್ತಾರೆ, ಬಿಡಿಸುವುದೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ತಗ್ಗಿಸುತ್ತ. ನಿಮಗೆ ಇನ್ನು ಆರು ತಿಂಗಳು ಉಳಿದಿದೆ, ಅಷ್ಟರಲ್ಲಿ ಪರೀಕ್ಷೆಯೂ ಮುಗಿದಿರುತ್ತದೆ. ತಟ್ಟನೆ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಐದು ನಿಮಿಷ ಮೀರಿದ ಯಾವ ಫಿಟ್ಸಿಗೂ ಮನೆಮದ್ದಿಲ್ಲ, ಮಗ್ಗುಲಾಗಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಆಸ್ಪತ್ರೆಗೆ ಒಯ್ಯಬೇಕು.

ವೈದ್ಯರಲ್ಲಿಗೆ ಹೋಗುವಾಗ ಸಿರಪ್ಪಿನ ಬಾಟಲಿಯನ್ನು ಜೊತೆಯಲ್ಲೇ ಒಯ್ಯಿರಿ, ಹೆಸರು ಹೇಳಿದರೆ ಸಾಲದು, ಲೇಬಲ್ಲಿನ ಹಿಂಬದಿಯ ಪಟ್ಟಿ ಓದಬೇಕು. ಅತ್ತೆಯವರು ಈಗಾಗಲೇ ರಸವನ್ನೋ ಬಜೆಯನ್ನೋ ಕೊಟ್ಟಿದ್ದರೆ ಅದನ್ನೂ ಮುಚ್ಚಿಡಬೇಡಿ. ರಕ್ತದಲ್ಲಿ ಫಿನಿಟೋಯಿನ್ ಮಟ್ಟ ನೋಡುವ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಬರೆದುಕೊಟ್ಟರೆ, ಆ ದಿನ ಮುಂದಿನ ಮಾತ್ರೆ ನುಂಗುವುದಕ್ಕೆ ಮೊದಲು ರಕ್ತ ಕೊಡಿ, ಕೊಟ್ಟ ಕೂಡಲೇ ಮಾತ್ರೆ ನುಂಗಿಸಿ. ಹೊಟ್ಟೆ ಖಾಲಿ ಇರಬೇಕಾಗಿಲ್ಲ, ತಿಂಡಿ ತಿನ್ನಿಸಿಯೇ ಕರೆದುಕೊಂಡು ಹೋಗಬಹುದು.